ಫಾರ್ಮುಲಾದಲ್ಲಿ ಪರಮಾಣು ಎಣಿಸಲು ಮಗಳಿಗೆ ಯಾವ ಶಾರ್ಟ್‌ಕಟ್ ಹೇಳಿಕೊಡಲಿ?

ಶಾರ್ಟ್‌ಕಟ್ ಬೇಡ. ಒಂಬತ್ತನೇ ಕ್ಲಾಸಿನ ಮಗಳು ಬ್ರಾಕೆಟ್, ಚುಕ್ಕೆ ಕಂಡರೆ ತಡವರಿಸುತ್ತಾಳೆ, ಮುಖ್ಯವಾದ ಫಾರ್ಮುಲಾಗಳನ್ನು ಬಾಯಿಪಾಠ ಮಾಡಿಸಲಾ ಅಂತಲೂ ಕೇಳಿದ್ದೀರಿ. ನಾನು ಬಾಯಿಪಾಠ ಮಾಡಿಕೊಂಡೇ ಬಂದವನು. ಡಿಗ್ರಿಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದೇ ಕೈಕೊಟ್ಟಿತು.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪ್ರತಿ ವರ್ಷ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ತರುತ್ತಿದ್ದರು. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ. ಆ ನೀಲಿ ಹರಳು ನನಗೆ ಚಿಕ್ಕಂದಿನಿಂದ ಗೊತ್ತು. ಪರೀಕ್ಷೆಯಲ್ಲೂ ಅದೇ ಬಂತು. ಕಾಪರ್ ಸಲ್ಫೇಟಿನ 0.1 ಮೋಲಾರ್ ದ್ರಾವಣ, 250 ಮಿಲಿ. ನನಗೆ ಬಾಯಿಗೆ ಬರುತ್ತಿದ್ದುದು ಸಿಯುಎಸ್‌ಓ₄. ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕಕ್ಕೆ 64. ಒಟ್ಟು 159.5. 1 ಮೋಲಾರ್ ಅಂದರೆ ಒಂದು ಲೀಟರಿಗೆ ಅಷ್ಟು ಗ್ರಾಂ. ನನಗೆ ಬೇಕಿದ್ದುದು ಅದರ ಹತ್ತನೇ ಒಂದು ಭಾಗ, ಅದೂ ಕಾಲು ಲೀಟರಿಗೆ. ಹೆಚ್ಚುಕಡಿಮೆ 4 ಗ್ರಾಂ ತೂಗಿದೆ.

ಬಾಟಲಿಯ ಲೇಬಲ್ಲಿನಲ್ಲಿ ಸಿಯುಎಸ್‌ಓ₄·5ಎಚ್₂ಓ ಅಂತಲೇ ಇತ್ತು. ಓದಿದ್ದೆ ಕೂಡ. ಚುಕ್ಕೆಯ ಆಚೆ ಇರುವುದು ಲೆಕ್ಕಕ್ಕಿಲ್ಲ ಅಂದುಕೊಂಡೆ. ಆ ಹರಳು ಮುಟ್ಟಿದರೆ ಒಣ, ಆದರೆ ಒಂದು ತಾಮ್ರಕ್ಕೆ ಐದು ನೀರಿನ ಅಣು ಒಳಗೇ ಸೇರಿಕೊಂಡಿರುತ್ತವೆ. ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ಬಾಯಿಯ ಹತ್ತಿರ ಹನಿ ಕಟ್ಟುತ್ತದೆ, ನೀಲಿ ಹರಳು ಬಿಳಿ ಪುಡಿಯಾಗುತ್ತದೆ. ಆರಿದ ಮೇಲೆ ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಆ ಐದು ನೀರಿಗೇ 90 ಬೇಕು. ಒಟ್ಟು 249.5. ತೂಗಬೇಕಾಗಿದ್ದುದು 6.24 ಗ್ರಾಂ. ಟೈಟ್ರೇಷನ್ (ದ್ರಾವಣ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಪ್ರಯೋಗ) ರೀಡಿಂಗುಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದ್ದವು, ಹಾಗಾಗಿ ಅನುಮಾನವೇ ಬರಲಿಲ್ಲ. ಆದರೆ ಎಲ್ಲವೂ ಇರಬೇಕಾದುದಕ್ಕಿಂತ ಕಮ್ಮಿ ಇದ್ದವು, ಅದೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ. ಆ ಪ್ರಯೋಗದ ಮಾರ್ಕ್ಸ್ ಹೋಯಿತು. ನಮ್ಮ ತೋಟಕ್ಕೆ ತಂದ 1 ಕಿಲೋ ತುತ್ತದಲ್ಲೂ 360 ಗ್ರಾಂ ಬರೀ ನೀರೇ, ನೋಡಿ.

ಅದಕ್ಕೇ ಹೇಳುವುದು, ಫಾರ್ಮುಲಾ ಉರು ಹೊಡೆಸಬೇಡಿ. ಪ್ರತಿ ಅಂಕಿಯ ಮೇಲೂ ಬೆರಳಿಟ್ಟು "ಇದು ಯಾರಿಗೆ ಸೇರಿದ್ದು?" ಅಂತ ಕೇಳಿ. ಕೆಳಗಿನ ಸಣ್ಣ ಅಂಕಿ ತನ್ನ ಎಡಗಡೆ ಇರುವುದಕ್ಕೆ ಮಾತ್ರ. ಎಡಗಡೆ ಬ್ರಾಕೆಟ್ ಇದ್ದರೆ ಒಳಗಿನ ಎಲ್ಲರಿಗೂ. ಸುಣ್ಣದ ನೀರಿನ ಸಿಎ(ಓಎಚ್)₂ನಲ್ಲಿ ಓಎಚ್ ಒಂದು ಜೋಡಿ, ಅಂಥ ಜೋಡಿ ಎರಡು. ಹಾಗಾಗಿ ಕ್ಯಾಲ್ಸಿಯಂ 1, ಆಮ್ಲಜನಕ 2, ಹೈಡ್ರೋಜನ್ 2. ಅಣುವಿಗೂ ಮೊದಲು ಬರುವ ದೊಡ್ಡ ಅಂಕಿ ಬಲಗಡೆಯ ಇಡೀ ಅಣುವಿಗೆ. ಚುಕ್ಕೆ ಅಂದರೆ ಕೂಡಿಸು, ಗುಣಿಸು ಅಲ್ಲ. ದೊಡ್ಡಕ್ಷರ ಸಣ್ಣಕ್ಷರವನ್ನೂ ನೋಡಲಿ: ಸಿ ಆದಮೇಲೆ ಸಣ್ಣ ಓ ಇದ್ದರೆ ಕೋಬಾಲ್ಟ್, ದೊಡ್ಡದಿದ್ದರೆ ಕಾರ್ಬನ್ ಮಾನಾಕ್ಸೈಡ್.

ಮೊದಮೊದಲು ಒಂದೊಂದು ಪರಮಾಣುವನ್ನೂ ಬಿಡಿಸಿ ಬರೆಯಲಿ. ನಿಧಾನ ಆಗುತ್ತದೆ, ಆಗಲಿ ಬಿಡಿ.

ಅರ್ಥವಾಗಿದೆಯಾ ನೋಡಲು ಪಟಿಕ ಕೊಡಿ: ಕೆಎಎಲ್(ಎಸ್‌ಓ₄)₂·12ಎಚ್₂ಓ. ಆಮ್ಲಜನಕ ಎಷ್ಟು ಕೇಳಿ. 8 ಅಂದರೆ ಚುಕ್ಕೆಯಾಚೆಯ ನೀರು ಬಿಟ್ಟಿದ್ದಾಳೆ. 9 ಅಂದರೆ 12ನ್ನು ಹೈಡ್ರೋಜನ್ನಿಗೆ ಮಾತ್ರ ಕೊಟ್ಟಿದ್ದಾಳೆ. 16 ಅಂದರೆ ಬ್ರಾಕೆಟ್ಟಿನ 2 ತಪ್ಪಿದೆ. ಸರಿ ಉತ್ತರ 20, ಎಲ್ಲ ಸೇರಿ 48 ಪರಮಾಣು.