ಶಾಲೆಗಾಗಿ ನವನಗರಕ್ಕೆ ಮನೆ ಬದಲಿಸಬೇಕೇ: ಬಾಗಲಕೋಟೆಯ ಒಂದು ಆಪ್ತಸಲಹೆ ಪ್ರಕರಣ

ಹಳೆ ಬಾಗಲಕೋಟೆಯ ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಗಂಡ ಮತ್ತು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಹೆಂಡತಿ ಫೆಬ್ರುವರಿ ತಿಂಗಳಲ್ಲಿ ನನ್ನಲ್ಲಿಗೆ ಬಂದರು. ಮಗಳು ಐದನೆಯ ತರಗತಿಯಲ್ಲಿದ್ದಳು, ಮಗ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಬೇಕಿತ್ತು. ಸ್ವಂತ ಮನೆಯನ್ನು ಬಿಟ್ಟು, ಒಳ್ಳೆಯ ಶಾಲೆಗಳಿಗೆ ಹತ್ತಿರವಾಗುವಂತೆ ನವನಗರದಲ್ಲಿ ಬಾಡಿಗೆ ಮನೆ ಮಾಡಬೇಕೇ ಎಂಬುದು ಅವರ ಪ್ರಶ್ನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಅವರಿಬ್ಬರ ಒಪ್ಪಿಗೆಯಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ಬರುವ ಕುಟುಂಬಗಳು ಈ ಊರಿನಲ್ಲಿ ಇನ್ನೂ ಇವೆ.

ಬಾಗಲಕೋಟೆಯಲ್ಲಿ ಮನೆ ಬದಲಿಸುವ ಮಾತಿಗೆ ಬೇರೆ ಊರುಗಳಲ್ಲಿ ಇಲ್ಲದ ಭಾರವಿದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಏರಿ ಹಳೆ ಊರಿನ ತಗ್ಗಿನ ಓಣಿಗಳನ್ನು ಮುಳುಗಿಸಿದಾಗ, ಅಲ್ಲಿನ ಜನರಿಗಾಗಿ ಕಟ್ಟಿದ ಊರೇ ನವನಗರ. ಸೆಕ್ಟರುಗಳಾಗಿ ಬೆಳೆದ ಆ ಬಡಾವಣೆಗೆ ಜಿಲ್ಲಾ ಕಚೇರಿಗಳು ಹೋದವು, ಅವುಗಳ ಹಿಂದೆ ನೌಕರರೂ ಖಾಸಗಿ ಶಾಲೆಗಳೂ ಟ್ಯೂಷನ್ ಕ್ಲಾಸುಗಳೂ ಹೋದವು, ಬಾಡಿಗೆ ಏರಿತು. ಈ ಕುಟುಂಬದ ಹಿರಿಯರಿಗೂ ಮುಳುಗಡೆಯ ಬದಲಿಗೆ ನವನಗರದಲ್ಲಿ ನಿವೇಶನ ಸಿಕ್ಕಿತ್ತು. ಆದರೆ ಅಂಗಡಿ ಪೇಟೆಯಲ್ಲಿಯೇ ಇದ್ದುದರಿಂದ ಅವರು ಪರಿಹಾರದ ಹಣದಲ್ಲಿ ಹಳೆ ಊರಿನ ಎತ್ತರದ ಓಣಿಯಲ್ಲಿ ಮನೆ ಕೊಂಡರು, ನಿವೇಶನವನ್ನು ಕೆಲವು ವರ್ಷಗಳ ಬಳಿಕ ಮಗಳ ಮದುವೆಗಾಗಿ ಮಾರಿದರು. ಸೊಸೆ ಆಗಲೇ ಆ ಮನೆಗೆ ಬಂದಿದ್ದಳು, ಆದರೂ ಮಾರಾಟದ ಸುದ್ದಿ ಅವಳಿಗೆ ತಿಳಿದದ್ದು ನೆರೆಹೊರೆಯವರ ಬಾಯಿಂದ.

ಮೊದಲ ಭೇಟಿಯಲ್ಲಿ ಆಕೆ ಶಾಲೆಗಳ ಹೋಲಿಕೆಯನ್ನು ಚೊಕ್ಕವಾಗಿ ಬರೆದು ತಂದಿದ್ದರು. ಆದರೆ ಮಾತಿನ ನಡುವೆ ಕಣ್ಣೀರು ಬಂದದ್ದು ಶಾಲೆಯ ವಿಷಯಕ್ಕಲ್ಲ. “ನಮ್ಮ ಸ್ವಂತ ಪ್ಲಾಟ್ ಇದ್ದ ಕಡೆ ನಾವ ಬಾಡಿಗಿ ಕೊಟ್ಟು ಇರಬೇಕಾಗೇತ್ರಿ ಮೇಡಂ,” ಎಂದರು. ಗಂಡ ತಲೆ ತಗ್ಗಿಸಿ ಕುಳಿತರು. ಅತ್ತೆಯವರಂತೂ ಮನೆ ಬಿಡುವ ಮಾತು ಬಂದಾಗಲೆಲ್ಲ, “ಒಂದು ಮನಿ ನೀರಿಗೆ ಕೊಟ್ಟೇನಿ, ಇನ್ನೊಂದು ಸಾಲಿಗೆ ಕೊಡಾಂಗಿಲ್ಲ,” ಎಂದು ಹೇಳುತ್ತಿದ್ದರಂತೆ. ಶಾಲೆಯ ಪ್ರಶ್ನೆಯ ಜೊತೆಗೆ ಈ ಇಬ್ಬರು ಹೆಂಗಸರ ಎರಡು ಬೇರೆ ನೋವುಗಳು ಕೂಡಿಕೊಂಡಿವೆ ಎಂಬುದು ನನಗೆ ಅಲ್ಲಿಯೇ ಸ್ಪಷ್ಟವಾಯಿತು. ಹೀಗಾಗಿ ನಿವೇಶನದ ಮಾತಿಗೆ ಪ್ರತ್ಯೇಕ ಭೇಟಿಯನ್ನು ಗೊತ್ತುಪಡಿಸಿ, ಅಲ್ಲಿಯವರೆಗೆ ಮಕ್ಕಳ ಎದುರಿನಲ್ಲಿ ಅದನ್ನು ಎತ್ತಬಾರದೆಂದು ಇಬ್ಬರನ್ನೂ ಕೇಳಿಕೊಂಡೆ.

ಎರಡನೆಯ ಭೇಟಿಯಲ್ಲಿ ಮಗಳೊಂದಿಗೆ ಒಬ್ಬಳೇ ಇರುವಾಗ ಮಾತನಾಡಿದೆ. ತಂದೆತಾಯಿಯ ಆತಂಕಕ್ಕೆ ಮುಖ್ಯ ಕಾರಣ ಅವಳ ಅಂಕಗಳು: ನವನಗರದ ಶಾಲೆಯೊಂದು ಆರನೆಯ ತರಗತಿಯ ಪ್ರವೇಶಕ್ಕೆಂದು ನಡೆಸಿದ ಪರೀಕ್ಷೆಯಲ್ಲಿ ಅವಳು ಗಣಿತದ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟು ಬಂದಿದ್ದಳು, ಈಗಿನ ಕನ್ನಡ ಶಾಲೆಯಲ್ಲಿ ಏನೂ ಕಲಿಸುತ್ತಿಲ್ಲ ಎಂಬುದಕ್ಕೆ ತಾಯಿ ಅದನ್ನೇ ಸಾಕ್ಷಿಯಾಗಿ ಹಿಡಿದಿದ್ದರು. ನಾನು ಅಂಥವೇ ಲೆಕ್ಕಗಳನ್ನು ಕೊಟ್ಟಾಗ ಭಾಗಾಕಾರವನ್ನು ಸರಾಗವಾಗಿ ಮಾಡಿದಳು, ಭಿನ್ನರಾಶಿಯಲ್ಲಿ ಮಾತ್ರ ತೊಡಕಿಗೆ ಸಿಕ್ಕಳು. ಹಾಗಾದರೆ ಅಂದು ಏಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಬಹಳ ಹೊತ್ತಿನ ಮೇಲೆ, “ನಾ ಪಾಸಾದ್ರ ಆಯಿ ಒಬ್ಬಾಕಿನ ಉಳಿತಾಳ್ರಿ, ಅದಕ್ಕ ಬರ್ತಿದ್ದ ಲೆಕ್ಕಾನೂ ಬಿಟ್ಟೆನ್ರಿ,” ಎಂದಳು. ಆಯಿ ಎಂದರೆ ಅವಳ ಅಜ್ಜಿ, ತಂದೆಯ ತಾಯಿ. ಹತ್ತು ವರ್ಷದ ಹುಡುಗಿ ಇಡೀ ಮನೆಯ ತೀರ್ಮಾನವನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡಿದ್ದಳು. ಇದನ್ನು ತಂದೆತಾಯಿಗೆ ಹೇಳಲು ಅವಳ ಅನುಮತಿ ಕೇಳಿದೆ. ತಾನೇ ಹೇಳುವೆನೆಂದೂ, ಆದರೆ ನಾನು ಪಕ್ಕದಲ್ಲಿರಬೇಕೆಂದೂ ಅವಳು ಬಯಸಿದಳು, ಹಾಗೆಯೇ ನಡೆಯಿತು. ಮಕ್ಕಳ ಶಾಲೆಯ ಸಲುವಾಗಿ ಮನೆ ಬದಲಿಸುತ್ತೇವೆ ಎಂದು ಮಕ್ಕಳ ಕಿವಿಗೆ ಬೀಳುವಂತೆ ಚರ್ಚಿಸುವವರು, ಆ ಮಾತನ್ನು ಮಗು ತನ್ನ ತಪ್ಪೆಂದು ಕೇಳಿಸಿಕೊಳ್ಳಬಹುದು ಎಂಬುದನ್ನು ದಯವಿಟ್ಟು ನೆನಪಿಡಬೇಕು.

ಆ ಪ್ರವೇಶ ಪರೀಕ್ಷೆಯ ಬಗ್ಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ ಪ್ರಕಾರ 6ರಿಂದ 14 ವರ್ಷದೊಳಗಿನ ಮಕ್ಕಳ ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆಗೆ ಒಡ್ಡುವಂತಿಲ್ಲ, ಡೊನೇಷನ್ ಪಡೆಯುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು ಮಾತ್ರ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಈ ಕಾಯ್ದೆಯ ಹೊರಗಿವೆ. ಇದು ಈ ದಂಪತಿಗೆ ತಿಳಿದಿರಲಿಲ್ಲ. ಪರೀಕ್ಷೆ ಇಟ್ಟು ಆಯುವ ಶಾಲೆಯ ಫಲಿತಾಂಶ ಚೆನ್ನಾಗಿದ್ದರೆ ಅದರಲ್ಲಿ ಕಲಿಕೆಯ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಪಾಲಕರು ಯೋಚಿಸಬೇಕು.

ಅನಂತರ ಲೆಕ್ಕಕ್ಕೆ ಕುಳಿತೆವು. ಇಬ್ಬರ ದುಡಿಮೆಯಿಂದ ತಿಂಗಳಿಗೆ ಸುಮಾರು 56,000 ರೂಪಾಯಿ ಬರುತ್ತಿತ್ತು, ಮನೆಖರ್ಚು, ಅತ್ತೆಯವರ ಔಷಧಿ, ಅಂಗಡಿಯ ಸಾಲದ ಕಂತು ಕಳೆದು 14,000 ಉಳಿಯುತ್ತಿತ್ತು. ನವನಗರಕ್ಕೆ ಹೋದರೆ ಬಾಡಿಗೆ 11,000, ಇಬ್ಬರು ಮಕ್ಕಳ ಫೀಸಿನಲ್ಲಿ ಹೆಚ್ಚುವರಿಯಾಗಿ ತಿಂಗಳಿಗೆ 6,000, ಅಂಗಡಿಗೆ ಓಡಾಡುವ ಪೆಟ್ರೋಲಿಗೆ 1,500, ಹೀಗೆ 18,500 ಬೇಕಾಗುತ್ತಿತ್ತು. ಮುಂಗಡ ಠೇವಣಿಯ ಒಂದು ಲಕ್ಷಕ್ಕೆ ಬಂಗಾರ ಒತ್ತೆಯಿಡುವ ವಿಚಾರವಿತ್ತು, ಅದರ ಬಡ್ಡಿಯನ್ನು ಅವರು ಹಿಡಿದೇ ಇರಲಿಲ್ಲ. ಕೊರತೆ ಬೀಳುವ 4,500 ರೂಪಾಯಿಯನ್ನು ತುಂಬಲು ಗಂಡ ಅಂಗಡಿಯನ್ನು ರಾತ್ರಿ ಒಂಬತ್ತೂವರೆಯವರೆಗೆ ತೆರೆದಿಡುವುದು, ಹೆಂಡತಿ ಲ್ಯಾಬಿನ ಸಂಜೆ ಪಾಳಿಯನ್ನೂ ಹಿಡಿಯುವುದು ಎಂದು ತೀರ್ಮಾನಿಸಿದ್ದರು. ನಾನು ಕೇಳಿದ್ದು ಒಂದೇ: ಸಂಜೆ ಐದರಿಂದ ರಾತ್ರಿ ಎಂಟರವರೆಗೆ ಮಕ್ಕಳ ಬಳಿ ಯಾರಿರುತ್ತಾರೆ? ಈಗ ಆ ಹೊತ್ತಿನಲ್ಲಿ ಆಯಿ ಇರುತ್ತಾಳೆ, ತಾಯಿ ಆರಕ್ಕೆ ಬರುತ್ತಾಳೆ, ಭಿನ್ನರಾಶಿ ಹೇಳಿಕೊಡಲು ಒಂದು ಗಂಟೆ ಸಿಗುತ್ತದೆ. ಹೊಸ ಶಾಲೆಯ ಫೀಸನ್ನು ಕಟ್ಟಲು ಅವರು ಮಾರಲು ಹೊರಟಿದ್ದು ಅದೇ ಗಂಟೆಯನ್ನು, ಅದೂ ಮಗಳು ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ದಾಟುವ ವರ್ಷದಲ್ಲಿ, ಅಂದರೆ ಮನೆಯ ನೆರವು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ವರ್ಷದಲ್ಲಿ. ನನ್ನ ಸಲಹೆಯೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ.

ಹಾಗಾಗಿ ಈ ಜೂನ್‌ನಲ್ಲಿ ಮನೆ ಬದಲಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ. ಆಪ್ತಸಲಹೆಗಾರರು ತೀರ್ಮಾನವನ್ನು ಸಲಹೆಗೆ ಬಂದವರಿಗೇ ಬಿಡಬೇಕು ಎಂಬುದು ನಿಜ, ತೀರ್ಮಾನ ಅವರದೇ ಆಗಿತ್ತು. ಆದರೆ ಅಭಿಪ್ರಾಯ ಕೇಳಿದಾಗ ಮುಚ್ಚಿಡುವುದು ನನಗೆ ಸರಿಯೆನಿಸಲಿಲ್ಲ. ಮನೆಯನ್ನೂ ಶಾಲೆಯನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ನೋಡಿ ಎಂದೆ. ಮಗನಿಗೆ ಯಾವ ಮಾಧ್ಯಮವಾದರೂ ಹೊಸದಾಗಿಯೇ ಶುರುವಾಗುವುದರಿಂದ, ಹಳೆ ಊರಿಗೂ ನವನಗರಕ್ಕೂ ನಡುವೆ ಇರುವ ವಿದ್ಯಾಗಿರಿಯಲ್ಲಿ ಶಾಲೆ ನೋಡಿ ವ್ಯಾನಿನಲ್ಲಿ ಕಳಿಸಬಹುದು. ಮಗಳ ಶಾಲೆ ಏಳನೆಯ ತರಗತಿಯವರೆಗೆ ಮಾತ್ರ ಇರುವುದರಿಂದ ಎಂಟಕ್ಕೆ ಹೇಗೂ ಶಾಲೆ ಬದಲಾಗಲೇಬೇಕು, ಅಲ್ಲಿಯವರೆಗೆ ಅವಳನ್ನು ಕದಲಿಸುವುದು ಬೇಡ.

ತಾಯಿ ಇದಕ್ಕೆ ಎತ್ತಿದ ಆಕ್ಷೇಪ ತೂಕದ್ದು. ಎಂಟಕ್ಕೆ ಮಾಧ್ಯಮ ಬದಲಾದರೆ ಎಸ್ಸೆಸ್ಸೆಲ್ಸಿಗೆ ಮೂರೇ ವರ್ಷ ಉಳಿಯುತ್ತದೆ, ಆರಕ್ಕೇ ಬದಲಿಸಿದರೆ ಐದು ವರ್ಷ ಸಿಗುತ್ತದೆ ಎಂದರು. ಅದನ್ನು ಒಪ್ಪಿಯೇ ಉತ್ತರಿಸಿದೆ: ಎರಡು ವರ್ಷಗಳನ್ನು ಸುಮ್ಮನೆ ಕಳೆಯುವುದಾದರೆ ಅವರ ಮಾತೇ ಸರಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಗಣಿತ ಮತ್ತು ವಿಜ್ಞಾನದ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮಗಳಲ್ಲಿ ಉಚಿತವಾಗಿ ಸಿಗುತ್ತವೆ. ಶಾಲೆಯಲ್ಲಿ ಕನ್ನಡದಲ್ಲಿ ಅರ್ಥವಾದ ಪಾಠವನ್ನು ಅದೇ ವಾರ ಮನೆಯಲ್ಲಿ ಇಂಗ್ಲಿಷಿನಲ್ಲಿ ತಾಯಿಯೊಂದಿಗೆ ಓದಿದರೆ, ಎಂಟನೆಯ ತರಗತಿಗೆ ಬರುವಾಗ ಪರಿಭಾಷೆ ಅವಳಿಗೆ ಹೊಸದಾಗಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿಯೇ ಎಸ್ಸೆಸ್ಸೆಲ್ಸಿ ಮುಗಿಸುವ ದಾರಿಯೂ ತೆರೆದಿದೆ ಎಂಬುದನ್ನು ಸೇರಿಸಿದೆ, ಏಕೆಂದರೆ ಆ ಆಯ್ಕೆಯನ್ನು ಅವರು ಚರ್ಚಿಸಿಯೇ ಇರಲಿಲ್ಲ.

ಶಾಲೆಯನ್ನು ನೋಡಲು ಹೋದಾಗ ಕಟ್ಟಡಕ್ಕಿಂತ ಮೊದಲು ಆ ತರಗತಿಯ ಸಾಧಾರಣ ಮಗುವಿನ ನೋಟ್‌ಬುಕ್ ಕೇಳಿ, ಶಿಕ್ಷಕರು ತಿದ್ದಿದ ಗುರುತು ಇದೆಯೇ, ತಿದ್ದಿದ ಮೇಲೆ ಮಗು ಸರಿಯಾಗಿ ಬರೆದಿದೆಯೇ ನೋಡಿ ಎಂದು ಹೇಳಿದೆ. ಕಳೆದ ವರ್ಷದ ಶಿಕ್ಷಕರಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಏನು ವ್ಯವಸ್ಥೆ ಇದೆ, ಒಟ್ಟು ಫೀಸು ಬರಹದಲ್ಲಿ ಕೊಡುತ್ತಾರೆಯೇ ಎಂಬುದನ್ನೂ ಕೇಳಬೇಕು.

ಮನೆಯ ಬಗ್ಗೆ ಹೇಳಿದ್ದು ಎರಡು ಕೆಲಸ. ನಾಲ್ಕು ತಿಂಗಳು ನವನಗರಕ್ಕೆ ಹೋಗಿಯೇಬಿಟ್ಟಿದ್ದೇವೆ ಎಂಬಂತೆ ಪ್ರತಿ ತಿಂಗಳು 18,500 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ ಉಳಿದದ್ದರಲ್ಲಿ ಬದುಕಿ ನೋಡುವುದು ಒಂದು. ಇನ್ನೊಂದು, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಅವರ ಮನೆಯ ಸ್ಥಿತಿಯನ್ನು ವಿಚಾರಿಸುವುದು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವುದರಿಂದ, ಹಳೆ ಊರಿನಲ್ಲಿ ತಮ್ಮ ಮನೆ ಮುಳುಗಡೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ತಿಳಿಯದೆ ಯಾರೂ ಬಾಡಿಗೆ ಕರಾರಿಗಾಗಲಿ ಮನೆ ದುರಸ್ತಿಗಾಗಲಿ ದೊಡ್ಡ ಹಣ ಹಾಕಬಾರದು.

ನಿವೇಶನದ ಮಾತಿಗೆಂದು ಕರೆದ ಭೇಟಿ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಹೆಂಡತಿಗೆ ಬೇಕಾದದ್ದು ನಿವೇಶನದ ಬೆಲೆಯಲ್ಲ, ತನ್ನನ್ನು ಮನೆಯವಳೆಂದು ಕೇಳಲಿಲ್ಲ ಎಂಬುದನ್ನು ಗಂಡ ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಅವರು ಒಪ್ಪಿಕೊಂಡರು. ಇನ್ನು ಮುಂದೆ ಮನೆ, ಸಾಲ, ಬಂಗಾರ ಇವುಗಳ ತೀರ್ಮಾನಕ್ಕೆ ಇಬ್ಬರ ಒಪ್ಪಿಗೆಯೂ ಬೇಕೆಂದು ಮಾತಾಯಿತು. ಅತ್ತೆಯವರನ್ನು ಭೇಟಿಗೆ ಕರೆಸಲು ನಾನು ಒತ್ತಾಯಿಸಲಿಲ್ಲ. ಮೊಮ್ಮಗಳು ತನ್ನ ಸಲುವಾಗಿ ಪರೀಕ್ಷೆ ಬಿಟ್ಟಳೆಂದು ಮಗನಿಂದ ಕೇಳಿದ ಮೇಲೆ, ಎಂಟನೆಯ ತರಗತಿಗೆ ಅವಳು ಎಲ್ಲಿ ಬೇಕಾದರೂ ಹೋಗಲಿ ಎಂದು ಅವರೇ ಹೇಳಿದರಂತೆ.

ಬೇರೆ ಖಾತೆಗೆ ಹಣ ಹಾಕುವ ಪ್ರಯೋಗ ಎರಡನೆಯ ತಿಂಗಳೇ ನಿಂತಿತು, ಅಂಗಡಿಯ ಕಂತಿಗೆ ಅದರಲ್ಲಿಂದಲೇ ತೆಗೆಯಬೇಕಾಯಿತು. ಮಗ ವಿದ್ಯಾಗಿರಿಯ ಶಾಲೆಗೆ ಸೇರಿದ್ದಾನೆ. ತಾಯಿಗೆ ಪೂರ್ತಿ ಸಮಾಧಾನವಾಗಿಲ್ಲ, ಆಗಬೇಕೆಂದು ನಾನೂ ಬಯಸುವುದಿಲ್ಲ, ಮಗಳ ಓದಿನ ಬಗ್ಗೆ ಅವರಿಗಿರುವ ಚಿಂತೆ ನ್ಯಾಯವಾದದ್ದು. ಮನೆ ಮುಳುಗಡೆಯ ವ್ಯಾಪ್ತಿಯಲ್ಲಿದೆ ಎಂದು ಪ್ರಾಧಿಕಾರದಿಂದ ಬರಹದಲ್ಲಿ ಬಂದರೆ, ಅಥವಾ ಅಂಗಡಿಯ ಸಾಲ ತೀರಿ ಸಂಜೆಯ ಹೊತ್ತನ್ನು ಮಾರದೆಯೇ ಬಾಡಿಗೆ ಕಟ್ಟುವಂತಾದರೆ, ನವನಗರಕ್ಕೆ ಹೋಗಿ ಎಂದು ನಾನೇ ಹೇಳುತ್ತೇನೆ. ಮಗಳು ಏಳನೆಯ ತರಗತಿಗೆ ಬಂದ ವರ್ಷದ ಡಿಸೆಂಬರಿನಲ್ಲಿ, ಪ್ರವೇಶದ ಗದ್ದಲ ಶುರುವಾಗುವ ಮೊದಲೇ, ಅವಳನ್ನೂ ಕರೆದುಕೊಂಡು ಮತ್ತೆ ಬರುವುದೆಂದು ತೀರ್ಮಾನವಾಗಿದೆ.