ಆಕಳು ಗಬ್ಬ ನಿಲ್ಲುತ್ತಿಲ್ಲವೇ? ಮೊದಲು ತಾರೀಖು ಹೇಳಿ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನ್ನ ಹತ್ತಿರ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳಿದೆ. ಎರಡನೇ ಕರು ಹಾಕಿ ಏಳು ತಿಂಗಳಾಯಿತು. ಎಳ್ಳ ಅಮಾವಾಸ್ಯೆ ಹೊತ್ತಿಗೆ ಒಂದು ಸಲ, ಸಂಕ್ರಾಂತಿ ಆದಮೇಲೆ ಒಂದು ಸಲ, ಶಿವರಾತ್ರಿ ಮುಂದೆ ಒಂದು ಸಲ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದೆ. ನಿಲ್ಲಲಿಲ್ಲ. ಬೆಳಿಗ್ಗೆ ಕೂಗಲು ಶುರು ಮಾಡಿದ ಕೂಡಲೇ ಫೋನ್ ಮಾಡುತ್ತೇನೆ, ಇಂಜೆಕ್ಷನ್ ಹಾಕುವವರು ಬರುವುದು ಮರುದಿನ ಮಧ್ಯಾಹ್ನ. ಊರಲ್ಲಿ ಮಾರಿಬಿಡು ಅಂತಿದ್ದಾರೆ. ಏನು ಮಾಡಲಿ?
ಓದುಗರು, ಆಳಂದ ತಾಲ್ಲೂಕು

ಉತ್ತರ: ಮಾರಬೇಡಿ, ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಕೂಗಿದ ಆಕಳಿಗೆ ಮರುದಿನ ಮಧ್ಯಾಹ್ನ ಇಂಜೆಕ್ಷನ್ ಹಾಕಿದರೆ ಅದು ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ.

ಆಕಳಿನ ಬೆದೆ (ಗಬ್ಬ ಕಟ್ಟಲು ಸಿದ್ಧವಾಗುವ ಹೊತ್ತು) ಸುಮಾರು 12ರಿಂದ 18 ಗಂಟೆ ಇರುತ್ತದೆ, ನಮ್ಮ ದೇವಣಿಯಂಥ ನಾಟಿ ತಳಿಗಳಲ್ಲಿ ಇನ್ನೂ ಕಡಿಮೆ. ಅಂಡ ಬಿಡುಗಡೆ ಆಗುವುದು ಬೆದೆ ಮುಗಿದು 10-12 ಗಂಟೆ ಆದಮೇಲೆ. ಹೊರಗೆ ಬಂದ ಅಂಡ ಬಾಳುವುದು ಕೆಲವೇ ಗಂಟೆ. ವೀರ್ಯ ಅದಕ್ಕಿಂತ ಮೊದಲೇ ಒಳಗೆ ಹೋಗಿ ಕಾಯುತ್ತಿರಬೇಕು. ಅದಕ್ಕೇ ಹಳೆ ಲೆಕ್ಕ: ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಹೀಗಾಗಿ ಫೋನಿನಲ್ಲಿ ಸುಮ್ನೆ 'ಆಕಳು ಬೆದೆಗೆ ಬಂದಿದೆ' ಅನ್ನಬೇಡಿ. 'ಇವತ್ತು ಬೆಳಿಗ್ಗೆ ಆರಕ್ಕೆ ಕಂಡಿದೆ, ಸಂಜೆಯೇ ಬೇಕು' ಅನ್ನಿ. ಅವರಿಗೆ ಆಗುವುದಿಲ್ಲ ಅಂದರೆ ಪಕ್ಕದ ಊರಿನ ಇನ್ನೊಬ್ಬರ ನಂಬರನ್ನು ಮೊದಲೇ ಇಟ್ಟುಕೊಂಡಿರಿ.

ಇನ್ನೊಂದು ಮಾತು. ನೀವು ಬೆಳಿಗ್ಗೆ ಕೇಳಿದ್ದು ಬೆದೆಯ ಶುರುವೋ, ಕೊನೆಯೋ? ಹೆಚ್ಚಿನ ಆಕಳು ತಂಪು ಹೊತ್ತಲ್ಲಿ, ಸಂಜೆಯಿಂದ ಬೆಳಗಿನ ಜಾವದೊಳಗೆ ಬೆದೆ ತೋರಿಸುತ್ತವೆ. ನಾವು ಆಗ ಮಲಗಿರುತ್ತೇವೆ. ಗೂಟಕ್ಕೆ ಕಟ್ಟಿದ ಒಂಟಿ ಆಕಳು ಯಾರ ಮೇಲೆ ಹತ್ತಬೇಕು ಹೇಳಿ? ಬೆಳಿಗ್ಗೆ ಬೇಗ ಒಂದು ಅರ್ಧ ಗಂಟೆ, ರಾತ್ರಿ ಊಟ ಆದಮೇಲೆ ಒಂದು ಅರ್ಧ ಗಂಟೆ ಬಿಚ್ಚಿ ಬಿಡಿ, ಜೊತೆಗೆ ಬೇರೆ ದನ ಇದ್ದರೆ ಒಳ್ಳೆಯದು, ಮತ್ತು ನೀವು ಸುಮ್ನೆ ನಿಂತು ನೋಡಿ, ಮೊಬೈಲ್ ಬೇಡ. ಇಲ್ಲಿ ಬಹಳ ಜನ ತಪ್ಪುತ್ತಾರೆ: ಹತ್ತುವ ಆಕಳನ್ನು ಬೆದೆ ಅನ್ನುತ್ತಾರೆ. ಹತ್ತುವುದು ಬೆದೆಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಬೇರೆ ದನ ಮೇಲೆ ಹತ್ತಿದಾಗ ಓಡಿಹೋಗದೆ ನಿಂತುಕೊಳ್ಳುತ್ತದಲ್ಲ, ಅದು ಪಕ್ಕಾ. ಬಾಲದ ಬುಡದಲ್ಲಿ ಕೂದಲು ಕೆದರಿದ್ದರೆ, ಬೆನ್ನಿನ ಹಿಂಭಾಗಕ್ಕೆ ಕೆಸರು ಸೆಗಣಿ ಮೆತ್ತಿದ್ದರೆ ರಾತ್ರಿ ಏನು ನಡೆದಿದೆ ಅಂತ ಗೊತ್ತಾಗುತ್ತದೆ. ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ದಾರದ ಹಾಗೆ ಜೋತಾಡುತ್ತಿದ್ದರೆ ಒಳ್ಳೆಯ ಲಕ್ಷಣ. ಲೋಳೆ ಕೀವಿನಂತೆ ಬಿಳಿ-ಹಳದಿ ಇದ್ದರೆ ಆ ಸಲ ಇಂಜೆಕ್ಷನ್ ಬೇಡ, ಗರ್ಭಕೋಶದಲ್ಲಿ ಸೋಂಕು ಇರಬಹುದು, ಮೊದಲು ಚಿಕಿತ್ಸೆ.

ಈಗ ನಿಮ್ಮ ಹಬ್ಬಗಳ ಲೆಕ್ಕಕ್ಕೆ ಬರೋಣ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ-ರೊಟ್ಟಿ ಉಂಡದ್ದು ಎಲ್ಲರಿಗೂ ನೆನಪಿರುತ್ತದೆ, ಆದರೆ ಆಕಳು ಹಬ್ಬ ನೋಡಿ ಬೆದೆಗೆ ಬರುವುದಿಲ್ಲ ಅಲ್ವಾ. ನನಗೆ ಬೇಕಾದದ್ದು ತಾರೀಖು. ಎರಡು ಬೆದೆಗಳ ನಡುವೆ 18ರಿಂದ 24 ದಿನ ಇದ್ದರೆ ಆಕಳ ಚಕ್ರ ಸರಿ ಇದೆ, ಹೆಚ್ಚಾಗಿ ಹೊತ್ತಿನದ್ದೇ ತಪ್ಪು. ಸುಮಾರು 42 ದಿನ ಇದ್ದರೆ ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದೆ. 30-35 ದಿನ ಅಂದರೆ ನಿಂತ ಗಬ್ಬ ಒಳಗೇ ಕರಗಿರುವ ಸಾಧ್ಯತೆ ಇದೆ. ಹತ್ತೇ ದಿನಕ್ಕೆ ಮತ್ತೆ ಬಂತು ಅಂದರೆ ಎರಡರಲ್ಲಿ ಒಂದು ಬೆದೆಯೇ ಅಲ್ಲದಿರಬಹುದು. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ, ಗಂಟೆ ಸಮೇತ. ಬರೆದ ದಿನದಿಂದ 18ನೇ ದಿನಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಒಂದು ವಾರ ಬಿಡದೆ ನೋಡಿ. ಹೊತ್ತು ಸರಿಮಾಡಿದ ಮೇಲೂ ಎರಡು ಸಲ ನಿಲ್ಲದಿದ್ದರೆ ಆ ಹಾಳೆ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಮೇವಿನ ಬಗ್ಗೆ ನೀವು ಏನೂ ಬರೆದಿಲ್ಲ. ಬರೀ ಜೋಳದ ಕಣಕಿ, ತೊಗರಿ ಹೊಟ್ಟು ಹಾಕಿದರೆ ಸಾಲದು, ಹಸಿ ಮೇವು, ಹಿಂಡಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಪ್ರಶ್ನೆ: ನಮ್ಮ ಎಮ್ಮೆ ಈದು ಐದು ತಿಂಗಳಾಯಿತು, ಒಮ್ಮೆಯೂ ಬೆದೆಗೆ ಬಂದಿಲ್ಲ. ಬರುವ ಹಾಗೆ ಮಾಡುವ ಇಂಜೆಕ್ಷನ್ ಇದೆಯಂತೆ, ಹಾಕಿಸಬಹುದಾ?
ಓದುಗರು, ಭಾಲ್ಕಿ

ಉತ್ತರ: ಇದೆ, ಆದರೆ ಅದು ಆಮೇಲೆ. ಬಂದಿಲ್ಲ ಅನ್ನುವುದಕ್ಕಿಂತ ನಿಮಗೆ ಕಂಡಿಲ್ಲ ಅನ್ನುವುದೇ ಸರಿ ಇರಬಹುದು. ಎಮ್ಮೆಯದು ಮೂಕ ಬೆದೆ. ಆಕಳಿನ ಹಾಗೆ ಹತ್ತಾಟ ಇಲ್ಲ, ಕೂಗುವುದೂ ಕಡಿಮೆ. ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟಿದರೆ ಅದೂ ಹೋಗುತ್ತದೆ, ಏನಾದರೂ ತೋರಿಸಿದರೆ ಅದು ರಾತ್ರಿಯೇ. ಮೇಲಾಗಿ ಹಗಲು ಚಿಕ್ಕದಾಗುವ ಕಾಲದಲ್ಲೇ ಎಮ್ಮೆಗಳು ಹೆಚ್ಚು ಬೆದೆಗೆ ಬರುತ್ತವೆ.

ಎಮ್ಮೆ ಮಲಗಿ ಎದ್ದ ಜಾಗ ನೋಡಿ. ನಿಂತಾಗ ಕಾಣದ ಲೋಳೆ ಅಲ್ಲಿ ಬಿದ್ದಿರುತ್ತದೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಗಂಜಲ ಹಾಕುವುದು, ಬಾಲ ಎತ್ತಿ ಹಿಡಿಯುವುದು, ಯೋನಿಯ ತುಟಿ ಉಬ್ಬುವುದು, ಕಾರಣ ಇಲ್ಲದೆ ಹಾಲು ಕಡಿಮೆ ಆಗುವುದು, ಇವುಗಳಲ್ಲಿ ಎರಡು-ಮೂರು ಒಟ್ಟಿಗೆ ಕಂಡರೆ ಡಾಕ್ಟರಿಗೆ ಹೇಳಿ. ಹಾಲು ಹಿಂಡುವುದು ಮನೆಯ ಹೆಣ್ಣುಮಕ್ಕಳಾದರೆ ಅವರನ್ನೇ ಕೇಳಿ, ಮೊದಲು ಗೊತ್ತಾಗುವುದು ಅವರಿಗೇ. ಬಿಸಿಲಲ್ಲಿ ಎರಡು ಹೊತ್ತು ಮೈ ತೊಯ್ಯಿಸಿ, ಕೆರೆ ಇದ್ದರೆ ಬಿಡಿ, ಹಸಿ ಮೇವು ರಾತ್ರಿ ಹಾಕಿ. ಇಷ್ಟಾಗಿಯೂ ಒಂದು ತಿಂಗಳು ಏನೂ ಕಾಣದಿದ್ದರೆ ಒಳಗೆ ಕೈ ಹಾಕಿ ಪರೀಕ್ಷೆ ಮಾಡಿಸಿ. ನಿಮಗೆ ಬೀದರ್ ಹತ್ತಿರವೇ, ನಂದಿನಗರದ ಪಶುವೈದ್ಯಕೀಯ ಕಾಲೇಜಿಗೇ ಒಯ್ಯಬಹುದು. ಬೆದೆ ಬರಿಸುವ ಔಷಧಿ ಬೇಕೋ ಬೇಡವೋ ಅವರು ಹೇಳಲಿ.

ಪ್ರಶ್ನೆ: ಇಂಜೆಕ್ಷನ್ ಹಾಕಿಸಿದ ಎರಡನೇ ದಿನ ಆಕಳಿಗೆ ಸ್ವಲ್ಪ ರಕ್ತ ಹೋಯಿತು. ಗರ್ಭ ಹೋಯಿತಾ?
ಓದುಗರು, ಶಹಾಪುರ

ಉತ್ತರ: ಇಲ್ಲ. ಬೆದೆ ಮುಗಿದು ಎರಡು-ಮೂರು ದಿನಕ್ಕೆ ಒಂದಿಷ್ಟು ರಕ್ತ ಕಾಣುವುದು ಮಾಮೂಲು. ಅದರಿಂದ ಗಬ್ಬ ನಿಂತಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಬೆದೆಯೇ ಕಾಣದೆ ರಕ್ತ ಮಾತ್ರ ಕಂಡರೆ ಈ ಸಲದ ಬೆದೆ ತಪ್ಪಿತು ಅಂತ ತಿಳಿದು, ಮುಂದಿನದಕ್ಕೆ 15 ದಿನ ಆದಮೇಲೆ ಕಾಯಲು ಶುರು ಮಾಡಿ.

ಪ್ರಶ್ನೆ: ಗಬ್ಬ ಇದೆ ಅಂದುಕೊಂಡಿದ್ದ ಆಕಳು ನಾಲ್ಕನೇ ತಿಂಗಳಿಗೆ ಮತ್ತೆ ಬೆದೆ ತೋರಿಸುತ್ತಿದೆ. ಮತ್ತೆ ಹಾಕಿಸಲಾ?
ಓದುಗರು, ಸುರಪುರ

ಉತ್ತರ: ಪರೀಕ್ಷೆ ಮಾಡಿಸದೆ ಬೇಡವೇ ಬೇಡ. ಗಬ್ಬದ ಆಕಳೂ ಒಮ್ಮೊಮ್ಮೆ ಬೆದೆ ತೋರಿಸುತ್ತದೆ. ನೌಕರಿಯ ಮೊದಲ ವರ್ಷ ಒಬ್ಬ ರೈತರು ಹೀಗೇ ಕರೆದರು. ಮಾಲೀಕರೇ ಹೇಳುತ್ತಿದ್ದಾರಲ್ಲ ಅಂತ ಕೈಹಾಕಿ ನೋಡದೆ ವೀರ್ಯ ಹಾಕುವ ಗನ್ ತೂರಿಸಿದೆ. ನಾಲ್ಕು ದಿನಕ್ಕೆ ಆಕಳು ಕಂದು ಹಾಕಿತು. ಆ ರೈತರು ನನಗೆ ಒಂದು ಮಾತೂ ಬೈಯಲಿಲ್ಲ, ಚಹಾ ಕುಡಿಸಿ ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.