ಗುಲ್ಮಾರ್ಗ್‌ನಲ್ಲಿ ಹಿಮ ಎಷ್ಟಿದೆ?

ಪ್ರಶ್ನೆ: ಜನವರಿಯ ಕೊನೆಯಲ್ಲಿ ಮಕ್ಕಳಿಗೆ ಸ್ಕೀಯಿಂಗ್ ಕಲಿಸಲು ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಮೊಬೈಲಿನ ಮುನ್ಸೂಚನೆ ದಿನಕ್ಕೊಂದು ಬಗೆ ತೋರಿಸುತ್ತಿದೆ. ಅಲ್ಲಿಯ ಪರಿಸ್ಥಿತಿಯನ್ನು ಇಲ್ಲಿಂದಲೇ ತಿಳಿಯುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಆ ಮುನ್ಸೂಚನೆ ಯಾವ ಎತ್ತರಕ್ಕೆ ಸಂಬಂಧಿಸಿದ್ದು ಎಂಬುದನ್ನು ಮೊದಲು ನೋಡಿರಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದ್ದರೆ, ಅಲ್ಲಿಯ ಕೇಬಲ್ ಕಾರ್ ಆದ ಗೊಂಡೋಲಾದ ಎರಡನೆಯ ಹಂತವು ಅಫರ್ವತ್ ಪರ್ವತದ ಮೇಲೆ 3,900 ಮೀಟರ್ ದಾಟಿ ಒಯ್ಯುತ್ತದೆ. ಪ್ರತಿ 1,000 ಮೀಟರಿಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಕೆಳಗೆ ಸೊನ್ನೆ ಡಿಗ್ರಿ ಇದ್ದಾಗ ಮೇಲೆ ಮೈನಸ್ ಎಂಟರ ಆಸುಪಾಸಿನಲ್ಲಿರುತ್ತದೆ. ಗಾಳಿ ಬೀಸಿದರೆ ಚಳಿ ಇನ್ನೂ ಹೆಚ್ಚು ಕೊರೆಯುತ್ತದೆ, ಜೋರಾದರೆ ಮೇಲಿನ ಹಂತವನ್ನೇ ನಿಲ್ಲಿಸುತ್ತಾರೆ.

ಹೊಸದಾಗಿ ಬಿದ್ದ ಹಿಮ ಬೇರೆ, ನೆಲದ ಮೇಲೆ ಉಳಿದಿರುವ ಹಿಮದ ಆಳ ಬೇರೆ. ಕಲಿಯುವವರ ಇಳಿಜಾರುಗಳು ಕೆಳಭಾಗದಲ್ಲಿಯೇ ಇರುವುದರಿಂದ ತಮಗೆ ಬೇಕಾದದ್ದು ಅಲ್ಲಿಯ ಆಳ. ಹೋಟೆಲಿನವರು ಕಳಿಸುವ ಚಿತ್ರ ಯಾವ ವರ್ಷದ್ದೋ ಇರಬಹುದಾದ್ದರಿಂದ, ಅಂದಿನ ವಿಡಿಯೊವನ್ನೇ ಕೇಳುವುದು ಲೇಸು. ಕಾಶ್ಮೀರಕ್ಕೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಕ್ಷೋಭೆಗಳು. ಅವು ದುರ್ಬಲವಾದರೆ ನಮ್ಮ ಮುಂಗಾರು ಕೈಕೊಟ್ಟಂತೆಯೇ. 2024ರ ಜನವರಿಯ ಬಹುಭಾಗ ಅಲ್ಲಿಯ ಇಳಿಜಾರುಗಳು ಬೋಳಾಗಿಯೇ ಇದ್ದವು.

ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆಯನ್ನು ಹೊರಡುವ ಮೂರು ದಿನ ಮೊದಲಿನಿಂದ ಗಮನಿಸಿರಿ. ಅದಕ್ಕೂ ಹಿಂದಿನದನ್ನು ನಂಬಿ ಟಿಕೆಟ್ ಬದಲಿಸಬೇಡಿರಿ. ಭಾರಿ ಹಿಮಪಾತದ ನಂತರ ಹಿಮಕುಸಿತದ ಎಚ್ಚರಿಕೆ ಇದ್ದರೆ, ಬಿಸಿಲು ಎಷ್ಟೇ ಚೆನ್ನಾಗಿದ್ದರೂ ಗುರುತಿಸಿದ ಇಳಿಜಾರು ಬಿಟ್ಟು ಹೋಗಕೂಡದು.